41 ಲಕೋಟೆಗಳು: ಸಹಕಾರಿ ಸಂಘವೊಂದರ ಚುನಾವಣಾ ತಕರಾರು

ಉಡುಪಿ ಜಿಲ್ಲೆಯ ಒಂದು ವ್ಯವಸಾಯ ಸೇವಾ ಸಹಕಾರಿ ಸಂಘದಲ್ಲಿ 2020ರ ಫೆಬ್ರವರಿಯಲ್ಲಿ ಆಡಳಿತ ಮಂಡಳಿಯ ಚುನಾವಣೆ ನಡೆಯಿತು. 12 ಸ್ಥಾನಗಳ ಪೈಕಿ ಒಂದರ ಫಲಿತಾಂಶ ತಕರಾರಿಗೆ ಬಿತ್ತು. ಅದು ಇತ್ಯರ್ಥವಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಸೋತ ಅಭ್ಯರ್ಥಿಯ ಪರವಾಗಿ ದಾವೆ ಸಿದ್ಧಪಡಿಸಿದ ವಕೀಲರ ಕಚೇರಿಯಲ್ಲಿ ನಾನಿದ್ದೆ. ಊರು, ಸಂಘ, ವ್ಯಕ್ತಿಗಳ ಗುರುತು ಹತ್ತಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ, ಕೆಲವು ಸಂಖ್ಯೆಗಳನ್ನು ಬದಲಿಸಿದ್ದೇನೆ. ಯಾವ ಹಂತದಲ್ಲಿ ಏನು ತೀರ್ಮಾನವಾಯಿತು, ಯಾಕೆ ಎಂಬುದನ್ನು ಮಾತ್ರ ಇದ್ದ ಹಾಗೆಯೇ ಬರೆದಿದ್ದೇನೆ. ಸೋತವರು ನಿವೃತ್ತ ಶಾಲಾ ಶಿಕ್ಷಕರು. ಊರಿನವರಂತೆ ನಾನೂ ಅವರನ್ನು ಮಾಸ್ತರರು ಎಂದೇ ಕರೆಯುತ್ತೇನೆ.

ಹಿನ್ನೆಲೆ

ಸಹಕಾರಿ ಚಳವಳಿಯನ್ನು ಕಟ್ಟಿದ ಮೊಳಹಳ್ಳಿ ಶಿವರಾಯರ ಕಾಲದಿಂದ ಕರಾವಳಿಯಲ್ಲಿ ಸೊಸೈಟಿ ಎಂದರೆ ಊರಿನ ಎರಡನೆಯ ಮನೆ. ಬೆಳೆ ಸಾಲ, ಚಿನ್ನದ ಮೇಲಿನ ಸಾಲ, ಗೊಬ್ಬರ, ಪಡಿತರ ಎಲ್ಲವೂ ಅಲ್ಲಿಯೇ. ಈ ಸಂಘದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದರು. ಆಡಳಿತ ಮಂಡಳಿಯ ಹೆಚ್ಚಿನ ಸ್ಥಾನಗಳು ಸಾಲಗಾರ ಕ್ಷೇತ್ರಕ್ಕೆ ಸೇರಿದ್ದವು. ಸಾಲಗಾರರಲ್ಲದವರಿಗೆ ಇದ್ದದ್ದು ಒಂದೇ ಸ್ಥಾನ. ಮಾಸ್ತರರು ನಿಂತದ್ದು ಆ ಸ್ಥಾನಕ್ಕೆ, ಎದುರಿಗೆ ಹಾಲಿ ನಿರ್ದೇಶಕರು.

ತಕರಾರಿನ ಬೇರು ಸಂವಿಧಾನದ 97ನೇ ತಿದ್ದುಪಡಿಯಲ್ಲಿದೆ. 2012ರ ಫೆಬ್ರವರಿ 15ರಂದು ಜಾರಿಗೆ ಬಂದ ಆ ತಿದ್ದುಪಡಿ ಸಹಕಾರಿ ಸಂಘ ಕಟ್ಟಿಕೊಳ್ಳುವುದನ್ನು 19ನೇ ವಿಧಿಯ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಜೊತೆಗೆ 9-ಬಿ ಎಂಬ ಹೊಸ ಭಾಗವನ್ನೇ ತಂದಿತು. ಆಡಳಿತ ಮಂಡಳಿಗೆ ಐದು ವರ್ಷದ ಅವಧಿ, 21ಕ್ಕೆ ಮೀರದ ನಿರ್ದೇಶಕರು, ಮತದಾರರ ಪಟ್ಟಿಯನ್ನೂ ಚುನಾವಣೆಯನ್ನೂ ನೋಡಿಕೊಳ್ಳಲು ಪ್ರತ್ಯೇಕ ಪ್ರಾಧಿಕಾರ, ಇವೆಲ್ಲ ಅದರಲ್ಲಿದ್ದವು. ಅದರಲ್ಲಿಯೇ ಇನ್ನೊಂದು ಸಾಲು: ಸದಸ್ಯರು ಸಭೆಗಳಿಗೆ ಇಷ್ಟಾದರೂ ಬರಬೇಕು, ಸಂಘದ ಸೇವೆಯನ್ನು ಇಷ್ಟಾದರೂ ಪಡೆಯಬೇಕು ಎಂದು ರಾಜ್ಯಗಳು ಕಾನೂನು ಮಾಡಬಹುದು. ಕರ್ನಾಟಕ ತನ್ನ 1959ರ ಸಹಕಾರ ಸಂಘಗಳ ಕಾಯ್ದೆಗೆ ಅದನ್ನು ಅಳವಡಿಸಿಕೊಂಡಿತು. ಹಿಂದಿನ ಐದು ವರ್ಷಗಳ ಮಹಾಸಭೆಗಳಲ್ಲಿ ನಿಗದಿತ ಸಂಖ್ಯೆಯ ಸಭೆಗಳಿಗೆ ಬಾರದವರಿಗೆ ಮತವಿಲ್ಲ ಎಂದಾಯಿತು.

ಉದ್ದೇಶ ಒಳ್ಳೆಯದೇ ಇತ್ತು. ಷೇರು ಕೊಂಡು ಮರೆತುಬಿಡುವ ಸದಸ್ಯರನ್ನು ಸಭೆಗೆ ಎಳೆದು ತರಬೇಕಿತ್ತು. ಹಳ್ಳಿಯಲ್ಲಿ ಆದದ್ದು ಬೇರೆ. ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದುಕೊಳ್ಳುವ ಪುಸ್ತಕ ಇರುವುದು ಸಂಘದ ಕಚೇರಿಯಲ್ಲಿ, ಕಚೇರಿ ಇರುವುದು ಹಾಲಿ ಆಡಳಿತ ಮಂಡಳಿಯ ಕೈಯಲ್ಲಿ. ಮತದಾರನನ್ನು ಉಳಿಸುವ, ಅಳಿಸುವ ದಾಖಲೆಯೇ ಅಭ್ಯರ್ಥಿಗಳ ಒಂದು ಬಣದ ವಶದಲ್ಲಿ ಇರುತ್ತದೆ. ಈ ಕಾನೂನಿನ ಅತಿ ದುರ್ಬಲ ಜಾಗ ಅದೇ ಎಂದು ನಾನು ಈಗಲೂ ನಂಬಿದ್ದೇನೆ.

ಸಮಸ್ಯೆ

ಕರಡು ಪಟ್ಟಿ ಸೂಚನಾ ಫಲಕಕ್ಕೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸದಸ್ಯರು ಅನರ್ಹರ ಪಟ್ಟಿಯಲ್ಲಿದ್ದರು. ಬಹುಪಾಲು ಜನ ನಿಜವಾಗಿಯೂ ಸಭೆಗೆ ಬಾರದವರೇ. ಆದರೆ ತಪ್ಪದೆ ಬರುತ್ತಿದ್ದ ಕೆಲವರ ಹೆಸರೂ ಅಲ್ಲಿತ್ತು. ಮಾಸ್ತರರ ನೆರೆಯವರೊಬ್ಬರು ಕೇಳಿದ್ದು ಇಷ್ಟು: "ಮಾಸ್ತರೇ, ಮಹಾಸಭೆಯ ದಿನ ನಾನು ನಿಮ್ಮ ಪಕ್ಕದಲ್ಲಿಯೇ ಊಟಕ್ಕೆ ಕುಳಿತಿದ್ದೆನಲ್ಲ, ನಿಮ್ಮ ಹೆಸರಿದೆ, ನನ್ನದು ಹೇಗೆ ಇಲ್ಲ?"

ಕಾರಣ ಹಾಜರಿ ಪುಸ್ತಕದಲ್ಲಿಯೇ ಇತ್ತು. ನೀಲಿ ರಟ್ಟಿನ ಉದ್ದ ಪುಸ್ತಕ. ಪ್ರತಿ ಪುಟದಲ್ಲಿ ನಾಲ್ಕು ಕಾಲಮುಗಳು: ಕ್ರಮ ಸಂಖ್ಯೆ, ಸದಸ್ಯತ್ವ ಸಂಖ್ಯೆ, ಹೆಸರು, ಸಹಿ. ಸಂಘವು ಲೆಕ್ಕಪತ್ರಗಳನ್ನು ಕಂಪ್ಯೂಟರಿಗೆ ಹಾಕಿದಾಗ ಸದಸ್ಯರಿಗೆ ಹೊಸ ಸಂಖ್ಯೆ ಕೊಟ್ಟಿತ್ತು. ಹಳಬರು ಮಾತ್ರ ಬಾಯಿಪಾಠವಾಗಿದ್ದ ಹಳೆಯ ಷೇರು ಸಂಖ್ಯೆಯನ್ನೇ ಬರೆದು ಸಹಿ ಹಾಕುತ್ತಿದ್ದರು. ಹಾಜರಿಯನ್ನು ಕಂಪ್ಯೂಟರಿಗೆ ಏರಿಸಿದವರು ನೋಡಿದ್ದು ಸಂಖ್ಯೆಯನ್ನು ಮಾತ್ರ, ಹೆಸರನ್ನಲ್ಲ. ಹಳೆಯ 214 ಬರೆದವರ ಹಾಜರಿ ಹೊಸ 214ರವರ ಖಾತೆಗೆ ಹೋಯಿತು. ಹೀಗೆ ಬಂದವರು ಬಾರದವರಾದರು, ಬಾರದ ಕೆಲವರು ಬಂದವರಾದರು. ಈ ಎರಡನೆಯ ಪರಿಣಾಮ ಮುಂದೆ ಪ್ರಕರಣದ ದಿಕ್ಕನ್ನೇ ತಿರುಗಿಸಿತು.

ಅನರ್ಹರಿಗೆ ಮೊದಲೇ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕೆಂದು ನಿಯಮವಿದೆ. ನೋಟಿಸ್ ಕಳುಹಿಸಿದ್ದೇವೆ ಎಂದಿತು ಸಂಘ, ಬರಲಿಲ್ಲ ಎಂದರು ಸದಸ್ಯರು.

ಮೊದಲ ತೀರ್ಮಾನ: ತಡೆ ಕೇಳುವುದೋ, ಮತ ಕೇಳುವುದೋ

ಮಾಸ್ತರರ ಜೊತೆಗಿದ್ದವರೆಲ್ಲ ಚುನಾವಣೆಗೇ ತಡೆಯಾಜ್ಞೆ ತರಬೇಕೆಂದು ಹಟ ಹಿಡಿದರು. ನಮ್ಮ ಹಿರಿಯ ವಕೀಲರು ಒಪ್ಪಲಿಲ್ಲ.

ಇದರ ಹಿಂದೆ ದೊಡ್ಡ ಇತಿಹಾಸವಿದೆ. 1952ರಲ್ಲಿ ಪೊನ್ನುಸ್ವಾಮಿ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಮದರಾಸು ವಿಧಾನಸಭೆಗೆ ನಾಮಕ್ಕಲ್‌ನಿಂದ ಸಲ್ಲಿಸಿದ ನಾಮಪತ್ರ ತಿರಸ್ಕೃತವಾಗಿತ್ತು. ನಮ್ಮ ದಕ್ಷಿಣ ಕನ್ನಡವೂ ಆಗ ಅದೇ ರಾಜ್ಯದಲ್ಲಿತ್ತು. ಚುನಾವಣೆ ಎಂದರೆ ಅಧಿಸೂಚನೆಯಿಂದ ಫಲಿತಾಂಶದವರೆಗಿನ ಇಡೀ ಪ್ರಕ್ರಿಯೆ, ನಡುವೆ ನ್ಯಾಯಾಲಯ ಕೈಹಾಕುವಂತಿಲ್ಲ, ತಕರಾರಿದ್ದರೆ ಮುಗಿದ ಮೇಲೆ ಚುನಾವಣಾ ಅರ್ಜಿಯಲ್ಲಿ ಹೇಳಬೇಕು ಎಂದಿತು ನ್ಯಾಯಾಲಯ. ಆಧಾರ 329ನೇ ವಿಧಿ. ಪಂಚಾಯತಿಗಳಿಗೆ 73ನೇ ತಿದ್ದುಪಡಿ, ಪುರಸಭೆ ನಗರಸಭೆಗಳಿಗೆ 74ನೇ ತಿದ್ದುಪಡಿ ಇದೇ ಬಗೆಯ ನಿರ್ಬಂಧ ತಂದವು. ಶಾಸಕರ, ಸಂಸದರ ಚುನಾವಣಾ ತಕರಾರುಗಳನ್ನು ಮೊದಲು ಚುನಾವಣಾ ನ್ಯಾಯಮಂಡಳಿಗಳು ಕೇಳುತ್ತಿದ್ದವು. 1966ರ 19ನೇ ತಿದ್ದುಪಡಿ ಅವನ್ನು ಕೈಬಿಟ್ಟ ಮೇಲೆ ಆ ಕೆಲಸ ಹೈಕೋರ್ಟುಗಳಿಗೆ ಬಂತು.

ಸಹಕಾರಿ ಸಂಘಗಳ 9-ಬಿ ಭಾಗದಲ್ಲಿ ಅಂಥ ನಿರ್ಬಂಧ ಇಲ್ಲ. ಹಾಗಾಗಿ ಹೈಕೋರ್ಟಿನ ಬಾಗಿಲು ಮುಚ್ಚಿರಲಿಲ್ಲ. ಆದರೆ 2001ರಲ್ಲಿ ಮಹಾರಾಷ್ಟ್ರದ ಹಾಲು ಉತ್ಪಾದಕರ ಸಂಘವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತ್ತು: ಮತದಾರರ ಪಟ್ಟಿ ಸಿದ್ಧಪಡಿಸುವುದೂ ಚುನಾವಣೆಯ ಒಂದು ಹಂತ, ಅದರಲ್ಲಿ ನಿಯಮ ಮೀರಿದ್ದರೂ ಚುನಾವಣೆಯನ್ನು ತಡೆಯುವುದು ಸರಿಯಲ್ಲ, ಮುಗಿದ ಮೇಲೆ ಪ್ರಶ್ನಿಸಲು ದಾರಿ ಇದೆ. ತಡೆ ಕೇಳಿ ಅರ್ಜಿ ವಜಾ ಆದರೆ ಸಮಯವೂ ಹೋಯಿತು, ಮತವೂ ಹೋಯಿತು.

ಆದ್ದರಿಂದ ಕೇಳಿದ್ದು ಇಷ್ಟೇ: ಚುನಾವಣೆ ನಡೆಯಲಿ, ನಮಗೆ ಮತ ಹಾಕಲು ಬಿಡಿ, ನಮ್ಮ ಮತಗಳನ್ನು ಪ್ರತ್ಯೇಕವಾಗಿಡಿ, ನಾವು ಅರ್ಹರೋ ಅಲ್ಲವೋ ಆಮೇಲೆ ತೀರ್ಮಾನವಾಗಲಿ. ಕರಾವಳಿಯವರಿಗೆ ಹೈಕೋರ್ಟ್ ಎಂದರೆ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿ ಬೆಂಗಳೂರಿಗೆ ಹೋಗುವುದು. ಆ ಖರ್ಚು ಹಂಚಿಕೊಳ್ಳಲು ಒಪ್ಪಿ ವಕಾಲತ್ತಿಗೆ ಸಹಿ ಹಾಕಿದವರು ಕೊನೆಗೆ 41 ಮಂದಿ. ಮಧ್ಯಂತರ ಆದೇಶ ಸಿಕ್ಕಿತು. ಚುನಾವಣೆ ಮುಗಿದ ಮೇಲೆ ಆ ರಿಟ್ ಅರ್ಜಿಯೂ ಮುಗಿಯಿತು. ಅರ್ಹತೆಯ ಪ್ರಶ್ನೆಯನ್ನು ಸಹಕಾರ ಕಾಯ್ದೆಯ 70ನೇ ಪ್ರಕರಣದ (ಸೆಕ್ಷನ್) ದಾವೆಯಲ್ಲಿ ತೀರ್ಮಾನಿಸಬೇಕು, ಅಲ್ಲಿಯವರೆಗೆ ಆ ಮತಗಳು ಭದ್ರವಾಗಿರಬೇಕು ಎಂದು ಹೈಕೋರ್ಟ್ ಹೇಳಿತ್ತು.

ಎರಡನೆಯ ತೀರ್ಮಾನ: ಲಕೋಟೆ

ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಮತದಾನದ ಹಿಂದಿನ ದಿನದ ಒಂದು ಪುಟದ ಮನವಿಗೆ. ಪ್ರತ್ಯೇಕವಾಗಿಡಿ ಎಂದರೆ ಸಾಮಾನ್ಯವಾಗಿ ಇನ್ನೊಂದು ಪೆಟ್ಟಿಗೆ ಇಡುತ್ತಾರೆ, ಎಲ್ಲರೂ ಅದಕ್ಕೆ ಹಾಕುತ್ತಾರೆ. ಮುಂದೆ 41ರಲ್ಲಿ ಕೆಲವರು ಮಾತ್ರ ಅರ್ಹರು ಎಂದಾದರೆ? ಮತಪತ್ರದ ಮೇಲೆ ಹೆಸರಿಲ್ಲ. ಅರ್ಹರ ಮತವನ್ನು ಅನರ್ಹರದರಿಂದ ಬೇರ್ಪಡಿಸಲು ಯಾರಿಂದಲೂ ಸಾಧ್ಯವಿಲ್ಲ. ಪೆಟ್ಟಿಗೆಯನ್ನೇ ಪೂರ್ತಿ ಬಿಡಬೇಕಾಗುತ್ತದೆ.

ಅಂಚೆ ಮತದಾನದಲ್ಲಿ ಬಹಳ ಕಾಲದಿಂದ ಇರುವ ಕ್ರಮವನ್ನೇ ಇಲ್ಲಿ ಕೇಳಿದೆವು. ಮತಪತ್ರ ಏನೂ ಬರೆಯದ ಒಳಲಕೋಟೆಯಲ್ಲಿ ಇರಬೇಕು, ಅದು ಸದಸ್ಯತ್ವ ಸಂಖ್ಯೆ ಬರೆದ ಹೊರಲಕೋಟೆಯಲ್ಲಿ ಇರಬೇಕು. ಅರ್ಹರೆಂದು ತೀರ್ಮಾನವಾದವರ ಹೊರಲಕೋಟೆ ಮಾತ್ರ ಒಡೆದು, ಒಳಲಕೋಟೆಗಳನ್ನೆಲ್ಲ ಬೆರೆಸಿ, ಆಮೇಲೆ ಎಣಿಸಿದರೆ ಗುಟ್ಟೂ ಉಳಿಯುತ್ತದೆ, ಲೆಕ್ಕವೂ ಸಿಗುತ್ತದೆ. ಚುನಾವಣಾಧಿಕಾರಿ ಮೊದಲು ಹಿಂಜರಿದರು. ಹೈಕೋರ್ಟ್ ಆದೇಶದ ಪ್ರತ್ಯೇಕವಾಗಿಡಿ ಎಂಬ ಮಾತಿಗೆ ಇದು ಅನುಗುಣವಾಗಿಯೇ ಇದೆ ಎಂದು ಕಂಡ ಮೇಲೆ ಎರಡೂ ಕಡೆಯ ಏಜೆಂಟರ ಸಹಿ ಪಡೆದು ಒಪ್ಪಿದರು. ಲಕೋಟೆಗಳಿದ್ದ ಪೆಟ್ಟಿಗೆಯನ್ನು ಅರಗಿನ ಮೊಹರು ಹಾಕಿ ಸಂಘದ ಭದ್ರತಾ ಕೊಠಡಿಯಲ್ಲಿ ಬಿಡದೆ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ (ಅಸಿಸ್ಟೆಂಟ್ ರಿಜಿಸ್ಟ್ರಾರ್) ಕಚೇರಿಗೆ ಸಾಗಿಸಿದ್ದೂ ಲಿಖಿತ ಮನವಿಯ ಮೇಲೆಯೇ.

ಸಾಮಾನ್ಯ ಪೆಟ್ಟಿಗೆಯ ಎಣಿಕೆಯಲ್ಲಿ ಹಾಲಿ ನಿರ್ದೇಶಕರಿಗೆ 318, ಮಾಸ್ತರರಿಗೆ 309. ಒಂಬತ್ತು ಮತಗಳ ಅಂತರ. ಚುನಾವಣಾಧಿಕಾರಿ ಫಲಿತಾಂಶ ಘೋಷಿಸಿದರು.

ದಾವೆ ಬರೆದ ಬಗೆ

ಸಹಕಾರಿ ಸಂಘದ ಚುನಾವಣಾ ತಕರಾರು ಸಿವಿಲ್ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ 70ನೇ ಪ್ರಕರಣದಡಿ ನಿಬಂಧಕರ ಮುಂದೆ ಸಲ್ಲಿಸಬೇಕು. ಇಲ್ಲಿ ಅದನ್ನು ಕೇಳಿದವರು ಸಹಾಯಕ ನಿಬಂಧಕರು. ಅಷ್ಟರಲ್ಲಿ ಕೊರೊನಾ ಸುದ್ದಿ ಬಿಸಿಯೇರುತ್ತಿತ್ತು. ಅವಧಿ ಮುಗಿಯಲು ಕಾಯದೆ ಮಾರ್ಚ್ ಎರಡನೆಯ ವಾರದಲ್ಲಿಯೇ ದಾಖಲಿಸಿದೆವು. ಮಾರ್ಚ್ 15ರಿಂದ ಎಲ್ಲ ಕಾಲಮಿತಿಗಳನ್ನು ಸುಪ್ರೀಂ ಕೋರ್ಟ್ ವಿಸ್ತರಿಸಿದ್ದು ಆಮೇಲಿನ ಮಾತು. ಅಂಥ ಕೃಪೆಯನ್ನು ನಂಬಿ ಚುನಾವಣಾ ದಾವೆಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದು ಬೇಡವೇ ಬೇಡ.

ಮಾಸ್ತರರ ಬೆಂಬಲಿಗರು ಬರೆದು ತಂದ ಕರಡಿನಲ್ಲಿ ಸಿಟ್ಟೆಲ್ಲ ಇತ್ತು. ಇಡೀ ಪಟ್ಟಿ ಅಕ್ರಮ, ಅಧ್ಯಕ್ಷರ ದುರುದ್ದೇಶ, ಪ್ರಜಾಪ್ರಭುತ್ವದ ಕಗ್ಗೊಲೆ. ಅದರಲ್ಲಿ ಒಬ್ಬ ಸದಸ್ಯನ ಹೆಸರೂ ಇರಲಿಲ್ಲ. ಚುನಾವಣಾ ದಾವೆಯಲ್ಲಿ ಸಾಮಾನ್ಯ ಆರೋಪಕ್ಕೆ ಚಿಕ್ಕಾಸಿನ ಬೆಲೆ ಇಲ್ಲ. ಮತಪತ್ರಗಳನ್ನು ತೆರೆದು ನೋಡಬೇಕಾದರೆ ಯಾವ ಮತ, ಯಾಕೆ ಎಂಬ ಖಚಿತ ಸಂಗತಿಗಳು ಅರ್ಜಿಯಲ್ಲಿಯೇ ಇರಬೇಕು, ಏನಾದರೂ ಸಿಗಬಹುದೆಂದು ತಡಕಾಡಲು ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟ್ 1960ರ ದಶಕದಿಂದಲೂ ಹೇಳುತ್ತ ಬಂದಿದೆ. ರಾಜಸ್ಥಾನದ ನಾಥದ್ವಾರದಲ್ಲಿ 2008ರಲ್ಲಿ ಸಿ.ಪಿ. ಜೋಶಿ ಒಂದೇ ಮತದಿಂದ ಸೋತಾಗಲೂ ಇದೇ ಪ್ರಶ್ನೆ ಬಂದಿತ್ತು. ಅರ್ಜಿಯಲ್ಲಿ ಹೇಳದ ವಿಷಯವನ್ನು ವಿಚಾರಣೆಗೆ ಸೇರಿಸಲಾಗದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಹಾಗಾಗಿ ಸಿಟ್ಟನ್ನೆಲ್ಲ ಹೊಡೆದುಹಾಕಿ ಒಂದು ಕೋಷ್ಟಕ ಮಾಡಿದೆವು. ಸದಸ್ಯರ ಹೆಸರು, ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಯಾವ ವರ್ಷದ ಮಹಾಸಭೆ, ಹಾಜರಿ ಪುಸ್ತಕದ ಯಾವ ಪುಟ, ಎಷ್ಟನೆಯ ಸಾಲು. 41ರಲ್ಲಿ 26 ಮಂದಿಯ ಸಹಿಗಳು ಹೀಗೆ ಸಿಕ್ಕಿದವು. ಉಳಿದ 15 ಮಂದಿ ಸಭೆಗೆ ಬಂದಿರಲೇ ಇಲ್ಲ. ಅವರಿಗಿದ್ದದ್ದು ನೋಟಿಸ್ ಬರಲಿಲ್ಲ ಎಂಬ ವಾದ ಮಾತ್ರ. ಈ ಎರಡೂ ಗುಂಪುಗಳನ್ನು ಒಟ್ಟಿಗೆ ಕಟ್ಟಿದರೆ ದುರ್ಬಲ ವಾದ ಬಲವಾದುದನ್ನೂ ಎಳೆದು ಕೆಡವುತ್ತದೆ. ಬೇರೆ ಬೇರೆ ಭಾಗ ಮಾಡಿದೆವು. ಆ 15 ಮಂದಿಗೆ ಇದು ನೋವು ತಂದಿತು, ಮಾಸ್ತರರಿಗಂತೂ ಇನ್ನೂ ಹೆಚ್ಚು.

ಕೊನೆಯ ಪ್ರಶ್ನೆ: ಚುನಾವಣೆ ರದ್ದಾಗಲಿ ಎಂದಷ್ಟೇ ಕೇಳುವುದೋ, ನನ್ನನ್ನೇ ಆಯ್ಕೆಯಾದವನೆಂದು ಘೋಷಿಸಿ ಎಂದೂ ಕೇಳುವುದೋ. ವಿಧಾನಸಭಾ ಚುನಾವಣೆಯ ಕಾನೂನಿನಲ್ಲಿ ಇದಕ್ಕೊಂದು ಹಳೆಯ ಪಾಠವಿದೆ, ಜಬರ್ ಸಿಂಗ್ ಮತ್ತು ಗೆಂದಾ ಲಾಲ್ ಪ್ರಕರಣ. ರದ್ದತಿ ಮಾತ್ರ ಕೇಳಿದರೆ ಪರಿಶೀಲನೆ ಗೆದ್ದವನ ಮತಗಳ ಸುತ್ತ ನಿಲ್ಲುತ್ತದೆ. ಸ್ಥಾನವನ್ನೂ ಕೇಳಿದರೆ ಎದುರಾಳಿಗೂ ನಿಮ್ಮ ಮತಗಳ ಮೇಲೆ ತಿರುಗಿಬೀಳುವ ಹಕ್ಕು ಬರುತ್ತದೆ. ಸಹಕಾರ ಕಾಯ್ದೆಗೆ ಅದು ನೇರವಾಗಿ ಅನ್ವಯಿಸದಿದ್ದರೂ ಎದುರಿನವರು ಅದನ್ನು ಹಿಡಿಯುತ್ತಾರೆ ಎಂದು ಹಿರಿಯರು ವಿವರಿಸಿದರು. ಮಾಸ್ತರರು ಎಲ್ಲ ಕೇಳಿಕೊಂಡು, "ಜನ ನನಗೆ ಹಾಕಿದ ಓಟನ್ನು ನಾನೇ ಕೇಳದೆ ಇನ್ನು ಯಾರು ಕೇಳುತ್ತಾರೆ? ಕೇಳಿಬಿಡಿ" ಎಂದರು. ಕೇಳಿದೆವು.

2021ರ ಜುಲೈ

ಲಾಕ್‌ಡೌನ್‌ನಿಂದ ವಿಚಾರಣೆ ತಿಂಗಳುಗಟ್ಟಲೆ ನಿಂತು ಮತ್ತೆ ಶುರುವಾದ ಮೇಲೆ, 2021ರ ಜುಲೈ 20ರಂದು ಸುಪ್ರೀಂ ಕೋರ್ಟ್ 97ನೇ ತಿದ್ದುಪಡಿಯ ಬಗ್ಗೆ ತೀರ್ಪು ಕೊಟ್ಟಿತು. ಸಹಕಾರಿ ಸಂಘ ರಾಜ್ಯಪಟ್ಟಿಯ ವಿಷಯ. ಅದನ್ನು ಮುಟ್ಟುವ ತಿದ್ದುಪಡಿಗೆ 368ನೇ ವಿಧಿಯಂತೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳ ಒಪ್ಪಿಗೆ ಬೇಕಿತ್ತು, ಸಂಸತ್ತು ಅದನ್ನು ಪಡೆದಿರಲಿಲ್ಲ. ಗುಜರಾತ್ ಹೈಕೋರ್ಟ್ 2013ರಲ್ಲಿಯೇ ಹೀಗೆ ಹೇಳಿತ್ತು. 9-ಬಿ ಭಾಗ ಬಹುರಾಜ್ಯ ಸಹಕಾರಿ ಸಂಘಗಳಿಗೆ ಮಾತ್ರ ಉಳಿಯುತ್ತದೆ ಎಂದು ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ತೀರ್ಮಾನಿಸಿದರು.

ಮರುದಿನವೇ ಮಾಸ್ತರರ ಬಳಗ ಪತ್ರಿಕೆ ಹಿಡಿದು ಬಂತು. ಬುಡವೇ ಹೋದ ಮೇಲೆ ಹಾಜರಿಯ ಷರತ್ತು ಎಲ್ಲಿ ಉಳಿಯಿತು, ದಾವೆ ತಿದ್ದಿ 41 ಮಂದಿಯೂ ಅರ್ಹರು ಎಂದು ಬರೆಯಿರಿ ಎಂದರು. ಆಸೆ ಸಹಜವೇ, ಆದರೆ ಆ ತೀರ್ಪು ಹಾಗೆ ಹೇಳಿರಲಿಲ್ಲ. ಅದು ಎತ್ತಿಹಿಡಿದದ್ದು ರಾಜ್ಯಗಳ ಅಧಿಕಾರವನ್ನು. ಕರ್ನಾಟಕದ ವಿಧಾನಮಂಡಲ ತನ್ನ ಪಟ್ಟಿಯ ವಿಷಯದಲ್ಲಿ ತಾನೇ ಮಾಡಿದ ಕಾನೂನು, ಪ್ರೇರಣೆ ಎಲ್ಲಿಂದ ಬಂದಿದ್ದರೂ, ತನ್ನ ಕಾಲ ಮೇಲೆಯೇ ನಿಲ್ಲುತ್ತದೆ. ಇನ್ನೂ ಎರಡು ಅಡ್ಡಿಗಳಿದ್ದವು. 30 ದಿನ ಕಳೆದ ಮೇಲೆ ಹೊಸ ಆಧಾರ ಸೇರಿಸಲಾಗದು. ಮತ್ತು ಕಾಯ್ದೆಯ ಒಂದು ಕಲಮು ಸಂವಿಧಾನಕ್ಕೆ ವಿರುದ್ಧ ಎಂದು ಸಾರುವ ಅಧಿಕಾರ ಸಹಾಯಕ ನಿಬಂಧಕರಿಗಿಲ್ಲ, ಅದನ್ನು ಹೈಕೋರ್ಟಿನಲ್ಲಿಯೇ ಕೇಳಬೇಕು. ದಾವೆಯನ್ನು ತಿದ್ದಲಿಲ್ಲ. ಕೋಷ್ಟಕವನ್ನೇ ನಂಬಿ ಮುಂದುವರಿದೆವು.

ತಿರುವು

ಸಂಘದ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಪಾಟೀಸವಾಲಿನಲ್ಲಿ ನೀಲಿ ಪುಸ್ತಕ ಮೇಜಿನ ಮೇಲೆ ಬಂತು. ಒಂದೊಂದೇ ಸಾಲು ತೋರಿಸಿ ಷೇರು ಲೆಡ್ಜರಿನ ಸಹಿಯೊಂದಿಗೆ ಹೋಲಿಸಲಾಯಿತು. ಸಂಖ್ಯೆ ಹಳೆಯದು, ಹೆಸರು ಇದೇ ಸದಸ್ಯರದು ಎಂದು ಅವರು ಒಪ್ಪುತ್ತ ಹೋದರು. 26 ಮಂದಿಯ ಅರ್ಹತೆ ಅಲ್ಲಿಗೆ ಗಟ್ಟಿಯಾಯಿತು. ಆ ಅಧಿಕಾರಿಯ ಪ್ರಾಮಾಣಿಕತೆಯನ್ನು ಇಲ್ಲಿ ಹೇಳಲೇಬೇಕು. ಬೇಕೆಂದು ಮಾಡಿದ ಮೋಸ ಎಂಬುದಕ್ಕೆ ಯಾವ ಸಾಕ್ಷ್ಯವೂ ಇರಲಿಲ್ಲ.

ಆದರೆ ಎದುರಿನ ವಕೀಲರು ಸುಮ್ಮನೆ ಕುಳಿತಿರಲಿಲ್ಲ. ಹಳೆಯ ಸಂಖ್ಯೆಯಿಂದ 26 ಮಂದಿ ಹೊರಬಿದ್ದಿದ್ದರೆ, ಅದೇ ಸಂಖ್ಯೆಗಳ ಬಲದಿಂದ ಬಾರದವರು ಒಳಗೆ ಬಂದಿರಲೇಬೇಕು. ತಮ್ಮ ಆಕ್ಷೇಪಣೆಯಲ್ಲಿ ಅವರು ಅಂಥ 13 ಹೆಸರು ಕೊಟ್ಟಿದ್ದರು. ಅವರಲ್ಲಿ ಏಳು ಮಂದಿ ಅರ್ಹತೆ ಇಲ್ಲದೆ ಸಾಮಾನ್ಯ ಪೆಟ್ಟಿಗೆಗೆ ಮತ ಹಾಕಿದ್ದು ಸಾಬೀತಾಯಿತು.

26 ಹೊರಲಕೋಟೆಗಳನ್ನು ಎರಡೂ ಕಡೆಯವರ ಎದುರು ಒಡೆದರು. ಒಳಲಕೋಟೆಗಳನ್ನು ಬೆರೆಸಿ ಎಣಿಸಿದಾಗ ಮಾಸ್ತರರಿಗೆ 19, ಎದುರಾಳಿಗೆ 6, ಒಂದು ತಿರಸ್ಕೃತ. ಒಟ್ಟು 328 ಮತ್ತು 324. ಮಾಸ್ತರರು ನಾಲ್ಕು ಮತ ಮುಂದೆ. ಆದರೆ ಸಾಮಾನ್ಯ ಪೆಟ್ಟಿಗೆಯಲ್ಲಿ ಬೆರೆತ ಆ ಏಳು ಅನರ್ಹ ಮತಗಳು ಯಾರಿಗೆ ಬಿದ್ದಿದ್ದವು? ಅದನ್ನು ಯಾರೂ ಹೇಳಲಾರರು, ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು. ಒಂಬತ್ತರ ಅಂತರವೇ ಉಳಿದಿದ್ದರೆ ಏಳರಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ. ಅಂತರ ನಾಲ್ಕಕ್ಕೆ ಇಳಿದ ಕೂಡಲೇ ಅದೇ ಏಳು ನಿರ್ಣಾಯಕವಾಯಿತು.

ಸಹಾಯಕ ನಿಬಂಧಕರು 2022ರ ಆರಂಭದಲ್ಲಿ ಆದೇಶ ಬರೆದರು: ಆ ಒಂದು ಸ್ಥಾನದ ಆಯ್ಕೆ ರದ್ದು, ಮಾಸ್ತರರನ್ನು ಆಯ್ಕೆಯಾದವರೆಂದು ಘೋಷಿಸಲು ನಿರಾಕರಣೆ, ಸರಿಪಡಿಸಿದ ಪಟ್ಟಿಯೊಂದಿಗೆ ಮರುಚುನಾವಣೆ. 15 ಮಂದಿಯ ವಾದ ಬಿದ್ದುಹೋಯಿತು. ನೋಟಿಸ್ ಕಳುಹಿಸಿದ ಅಂಚೆ ರಸೀದಿಗಳು ಸಂಘದ ಬಳಿ ಇದ್ದವು. ಎದುರಾಳಿ ಬೆಂಗಳೂರಿನ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋದರು, ತಡೆ ಸಿಗಲಿಲ್ಲ, ಮೇಲ್ಮನವಿಯೂ ನಿಲ್ಲಲಿಲ್ಲ.

ಕೈಗೆ ಬಂದ ಗೆಲುವನ್ನು ಕಿತ್ತುಕೊಂಡರು ಎಂದು ಹಲವರು ಬೇಸರಪಟ್ಟರು. ನನಗೆ ಆ ಆದೇಶ ನ್ಯಾಯವಾಗಿಯೇ ಕಂಡಿತು. ಚುನಾವಣಾ ತಕರಾರು ತೀರಿಸುವವರು ಎರಡೂ ಕಡೆಯ ಮಾತು ಕೇಳಿ, ಸಂಗತಿ ತೂಗಿ, ಕಾನೂನು ಅನ್ವಯಿಸಬೇಕು. 1975ರಲ್ಲಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟ್ ರದ್ದು ಮಾಡಿದ ಮೇಲೆ, ಆ ಆಯ್ಕೆಯನ್ನು ನ್ಯಾಯಾಲಯಗಳ ಕೈಗೆ ಸಿಗದಂತೆ ಮಾಡಲು ಸಂಸತ್ತು 39ನೇ ತಿದ್ದುಪಡಿ ತಂದಿತು. ಸುಪ್ರೀಂ ಕೋರ್ಟ್ ಅದೇ ನವೆಂಬರಿನಲ್ಲಿ ಅವರ ಆಯ್ಕೆಯನ್ನು ಎತ್ತಿಹಿಡಿದರೂ ತಿದ್ದುಪಡಿಯ ಆ ಕಲಮನ್ನು ಉಳಿಸಲಿಲ್ಲ. ಪ್ರಧಾನಿಯ ಆಯ್ಕೆಗೂ ತಪ್ಪದ ತೂಕ ಹಳ್ಳಿಯ ಸೊಸೈಟಿಯ ಒಂದು ಸ್ಥಾನಕ್ಕೂ ಸಿಕ್ಕಿತು. ತಿದ್ದಿದರೆ ಮಾಸ್ತರರಿಗೆ ಅನುಕೂಲವಾಗುವ ತಪ್ಪನ್ನು ಮಾತ್ರ ತಿದ್ದಿ, ಅನನುಕೂಲವಾಗುವುದನ್ನು ಬಿಟ್ಟಿದ್ದರೆ ಆ ತೂಕ ಇರುತ್ತಿರಲಿಲ್ಲ.

ಆಮೇಲೆ

ಮರುಚುನಾವಣೆಗೆ ಮಾಸ್ತರರೂ ಎದುರಾಳಿಯೂ ಮತ್ತೆ ನಿಂತರು. ಮಾಸ್ತರರು 31 ಮತಗಳಿಂದ ಸೋತರು. ಪಟ್ಟಿಯ ಬಗ್ಗೆ ಈ ಸಲ ಒಂದು ಆಕ್ಷೇಪಣೆಯೂ ಬರಲಿಲ್ಲ. ಎಣಿಕೆ ಹಾಳೆಗೆ ಮೊದಲು ಸಹಿ ಹಾಕಿದವರು ಮಾಸ್ತರರ ಏಜೆಂಟರೇ.

ಇಂಥ ಪರಿಸ್ಥಿತಿಗೆ ಸಿಕ್ಕಿದವರು ನಮ್ಮಲ್ಲಿಗೆ ಬಂದಾಗ ಈಗ ಮೊದಲು ಕೇಳುವುದು ಹಾಜರಿ ಪುಸ್ತಕದ ಪುಟಗಳ ದೃಢೀಕೃತ ನಕಲನ್ನು. ಕರಡು ಪಟ್ಟಿಗೆ ಲಿಖಿತ ಆಕ್ಷೇಪಣೆ ಕೊಟ್ಟು ಹಿಂಬರಹ ಪಡೆದಿರಬೇಕು. ಬಾಯಲ್ಲಿ ಹೇಳಿದ್ದು ಎರಡು ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಹೈಕೋರ್ಟಿನಿಂದ ಪ್ರತ್ಯೇಕ ಮತದಾನದ ಆದೇಶ ತರುವವರು ಲಕೋಟೆಯ ಕ್ರಮವನ್ನೂ ಆದೇಶದಲ್ಲಿಯೇ ಬರೆಸಿಕೊಳ್ಳುವುದು ಉತ್ತಮ. ಈ ಸಂಘ ಮಹಾಸಭೆಯಲ್ಲಿ ಸಹಿ ಹಾಕಿದವರಿಗೆ ಹಳೆಯ, ಹೊಸ ಸಂಖ್ಯೆ ಎರಡೂ ಇರುವ ಚೀಟಿ ಕೊಡಲು ಶುರುಮಾಡಿದೆ. ಬೇರೆ ಸಂಘಗಳೂ ಇದನ್ನು ಮಾಡಲಿ.

ಉಳಿದಿರುವುದು ಆ 15 ಮಂದಿಯ ಪ್ರಶ್ನೆ. ಅವರಲ್ಲಿ ಒಬ್ಬ ಅಜ್ಜಿ ಸೊಂಟದ ನೋವಿನಿಂದ ಮನೆಬಿಟ್ಟು ಹೊರಡಲಾರದವರು. ಸಂಘದ ಮೊದಲ ಕಟ್ಟಡಕ್ಕೆ ಕಲ್ಲು ಹೊತ್ತವರು. ಮತದಾನದ ದಿನ ಅವರನ್ನು ರಿಕ್ಷಾದಲ್ಲಿ ಕರೆತಂದಿದ್ದರು. ಷೇರು ನನ್ನದೆಂದು ನೀವೇ ಒಪ್ಪುತ್ತೀರಿ, ಓಟು ಮಾತ್ರ ಯಾಕಿಲ್ಲ ಎಂದು ಅವರು ಕೇಳಿದ್ದಕ್ಕೆ 70ನೇ ಪ್ರಕರಣದ ದಾವೆಯಲ್ಲಿ ಉತ್ತರ ಕೊಡಲು ಸಾಧ್ಯವಿರಲಿಲ್ಲ. ಸಭೆಗೆ ಬರಲು ಮೈಯಲ್ಲಿ ಕಸುವಿಲ್ಲದವರನ್ನೂ ಬರಲು ಮನಸ್ಸಿಲ್ಲದವರನ್ನೂ ಒಂದೇ ಅಳತೆಯಲ್ಲಿ ಅಳೆಯುವ ಷರತ್ತು ಅನ್ಯಾಯದ್ದು ಎಂದು ನಾನು ಹೇಳುತ್ತೇನೆ. ಅದನ್ನು ಪ್ರಶ್ನಿಸಬೇಕಾದ ಜಾಗ ಹೈಕೋರ್ಟ್, ತಿದ್ದಬೇಕಾದ ಜಾಗ ವಿಧಾನಮಂಡಲ.